ಬಿದ್ದ ಮಳೆಮರದ ಕೊರಡಿನ ಮೇಲೆ ನಾಲ್ಕು ಬಗೆಯ ಅಣಬೆ: ಆ್ಯಪ್ ಹೇಳಿದ ಹೆಸರು ಸರಿಯೇ?

ನಾಗರಬಾವಿ ನಡಿಗೆ | ಭಾನುವಾರ, ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಮಾಡುತ್ತೇನೆ. ಹೋದ ವರ್ಷ ಮೇ ತಿಂಗಳ ಗಾಳಿಮಳೆಗೆ ಅಲ್ಲೊಂದು ದೊಡ್ಡ ಮಳೆಮರ ಬಿತ್ತು. ದಾರಿಗೆ ಅಡ್ಡ ಬಂದ ಕೊಂಬೆಗಳನ್ನು ಕತ್ತರಿಸಿ ಸಾಗಿಸಿದರು, ಬೊಡ್ಡೆ ಮಾತ್ರ ಪೊದೆಯ ಬದಿಯಲ್ಲಿ ಹಾಗೇ ಉಳಿಯಿತು. ವರ್ಷವಿಡೀ ಅದರ ಮೇಲೆ ಕೂತು ಸುಧಾರಿಸಿಕೊಂಡು ಮನೆಗೆ ಹೊರಡುತ್ತಿದ್ದೆ. ಈ ಸಲ ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ನೋಡಿದರೆ ಕೂರಲು ಜಾಗವಿಲ್ಲ, ಮೈತುಂಬ ಅಣಬೆ.

ನಾಲ್ಕು ಬಗೆ ಕಾಣಿಸಿತು. ಒಂದು ಬೀಸಣಿಗೆಯ ಹಾಗೆ, ಕಂದು, ಹಳದಿ, ಕಪ್ಪು ಪಟ್ಟೆಗಳು ಬಳೆ ಜೋಡಿಸಿದಂತೆ. ಎರಡನೆಯದು ಅಂಗೈ ಅಗಲ, ಮೇಲೆ ಕೆಂಪು ವಾರ್ನಿಷ್ ಹಚ್ಚಿದ ಹಾಗಿದೆ, ಅಂಚು ಬಿಳಿ. ಮೂರನೆಯದು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು, ಬಿಳಿ, ಸಾಲುಸಾಲಾಗಿ ಬಂದಿದೆ. ನಾಲ್ಕನೆಯದು ನೆಲ್ಲಿಕಾಯಿ ಗಾತ್ರದ ಕರಿ ಉಂಡೆ, ಮುಟ್ಟಿದರೆ ಕೈಗೆ ಮಸಿ.

ಫೋನಿನ ಆ್ಯಪ್‌ಗೆ ಫೋಟೋ ಕೊಟ್ಟೆ. ಮೊದಲನೆಯದಕ್ಕೆ ಟರ್ಕಿ ಟೇಲ್, ಎರಡನೆಯದಕ್ಕೆ ರೇಶಿ, ಮೂರನೆಯದಕ್ಕೆ ಆಯ್ಸ್ಟರ್ ಅಂದಿತು. ನಾಲ್ಕನೆಯದಕ್ಕೆ ಏನೂ ಹೇಳಲಿಲ್ಲ. ಮೂರೂ ಔಷಧಿಗೋ ಅಡುಗೆಗೋ ಬರುವಂಥವು ಎಂದು ಓದಿ ಖುಷಿಯಾಯಿತು, ಜೊತೆಗೇ ಅನುಮಾನವೂ ಬಂತು. ತಿಳಿದವರು ದಯವಿಟ್ಟು ನೋಡಿ ಹೇಳಿ.

ಹೊಂಗೆ ನೆರಳು | ಭಾನುವಾರ, ಬೆಳಗ್ಗೆ 10.25

ಮೇಡಂ, ಫೋಟೋ ಚೆನ್ನಾಗಿವೆ. ಆದರೆ ನಾಲ್ಕೂ ಮೇಲಿನಿಂದ ತೆಗೆದವು. ಕೊರಡಿನ ಅಣಬೆಯ ಗುರುತು ಇರುವುದು ಅದರ ಹೊಟ್ಟೆಯ ಕಡೆ. ಬೆನ್ನಿನ ಬಣ್ಣ ಮಳೆಗೆ ಒಂದು, ಬಿಸಿಲಿಗೆ ಒಂದು. ಹಳತಾದರೆ ಮೇಲೆ ಪಾಚಿ ಕೂತು ಹಸಿರಾಗುವುದೂ ಉಂಟು. ಬೀಜಾಣು, ಅಂದರೆ ಅಣಬೆ ಹರಡುವ ಸಣ್ಣ ಪುಡಿ, ಉದುರುವುದು ಅಡಿಯಿಂದ. ಆದ್ದರಿಂದ ಅಲ್ಲಿ ತೂತುಗಳಿವೆಯೋ, ಮೀನಿನ ಕಿವಿರಿನಂಥ ಹಾಳೆಗಳಿವೆಯೋ, ಓಣಿ ಓಣಿಯಾಗಿ ಸುತ್ತಿಕೊಂಡಿದೆಯೋ, ಏನೂ ಇಲ್ಲದೆ ನುಣುಪಾಗಿದೆಯೋ ಎಂದು ಮೊದಲು ನೋಡಬೇಕು.

ನಿಮ್ಮ ಮೊದಲನೆಯದನ್ನೇ ತೆಗೆದುಕೊಳ್ಳಿ. ಮೇಲಿನಿಂದ ಒಂದೇ ತಾಯಿಯ ಮಕ್ಕಳಂತೆ ಕಾಣುವವು ನಾಲ್ಕೈದು ಇವೆ. ನಿಜವಾದ ಟರ್ಕಿ ಟೇಲ್, ಅಂದರೆ ಟ್ರಾಮೆಟಿಸ್ ವರ್ಸಿಕಲರ್ ಆದರೆ ಬೆನ್ನು ಮಖಮಲ್ಲಿನಂತೆ, ಅಡಿ ಬಿಳಿ ಅಥವಾ ಕೆನೆ ಬಣ್ಣ, ಮಿಲಿಮೀಟರಿಗೆ 3ರಿಂದ 5 ತೂತು. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೇ ಕಾಣುತ್ತವೆ. ಸ್ಟೀರಿಯಂ ಆದರೆ ಬೆನ್ನಿನ ಪಟ್ಟೆ ಹಾಗೇ ಇರುತ್ತದೆ, ಅಡಿಯಲ್ಲಿ ಮಾತ್ರ ಒಂದು ತೂತೂ ಇರುವುದಿಲ್ಲ. ಲೆಂಜೈಟಿಸ್‌ಗೆ ಹಾಳೆಗಳು. ಹೆಕ್ಸಗೋನಿಯಾಕ್ಕೆ ಜೇನು ಎರಿಯಂತೆ ಆರು ಮೂಲೆಯ ದೊಡ್ಡ ಕೋಣೆಗಳು, ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಮತ್ತೆ ಆ ಕಡೆ ಹೋದಾಗ ಪ್ರತಿಯೊಂದರದೂ ಬೆನ್ನು, ಹೊಟ್ಟೆ, ಮರಕ್ಕೆ ಅಂಟಿಕೊಂಡ ಬುಡ, ಇಷ್ಟನ್ನು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ. ಒಂದೊಂದೇ ತುಂಡು ಸಾಕು, ಉಳಿದವು ಅಲ್ಲೇ ಇರಲಿ. ಪೇಪರ್ ಕವರಿನಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೆವತು ಹಾಳಾಗುತ್ತದೆ.

ತೀರ್ಥಹಳ್ಳಿ ಮಳೆ | ಭಾನುವಾರ, ಮಧ್ಯಾಹ್ನ 1.40

ನಮ್ಮೂರಲ್ಲಿ ಅಣಬೆ ಅಂದರೆ ಹುತ್ತದ ಅಣಬೆ. ಗುಡುಗು ಬಂದ ಮಾರನೇ ದಿನ ಅಜ್ಜಿ ಬುಟ್ಟಿ ಹಿಡಿದು ಹೊರಡೋರು. ಪ್ರತಿ ವರ್ಷ ಅದೇ ಹುತ್ತ, ಅದೇ ಜಾಗ. ಬುಡದಲ್ಲಿ ಬೇರಿನಂಥ ಉದ್ದನೆ ತೊಟ್ಟು ಗೆದ್ದಲಿನ ಗೂಡಿನವರೆಗೆ ಇಳಿದಿರಬೇಕು, ಇಲ್ಲಾಂದ್ರೆ ಮುಟ್ಟುತ್ತಿರಲಿಲ್ಲ. ಕೊರಡಿನ ಮೇಲೆ ಬಂದದ್ದಕ್ಕೆಲ್ಲ ಅವರು ನಾಯಿಕೊಡೆ ಅಂತ ಒಂದೇ ಹೆಸರು ಹೇಳಿ ಮುಂದೆ ಹೋಗೋರು. ಈಗ ಬೆಂಗಳೂರಿಗೆ ಬಂದು ಹದಿನೈದು ವರ್ಷ, ಅವರ ಹುತ್ತ ಎಲ್ಲಿತ್ತು ಅನ್ನೋದೂ ನನಗೆ ಸರಿಯಾಗಿ ನೆನಪಿಲ್ಲ. ಅದು ಬೇಜಾರು.

ಒಂದು ಕೇಳಬೇಕಿತ್ತು ಹೊಂಗೆ ಸರ್. ಹುಳ ತಿಂದ ಅಣಬೆ ಮನುಷ್ಯರಿಗೂ ಆಗುತ್ತೆ, ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ ಕಪ್ಪಾದರೆ ವಿಷ, ಹೀಗೆಲ್ಲ ಹೇಳ್ತಾರಲ್ಲ, ನಿಜವಾ?

ಹೊಂಗೆ ನೆರಳು | ಭಾನುವಾರ, ಮಧ್ಯಾಹ್ನ 2.15

ಎರಡೂ ಸುಳ್ಳು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳ, ಕೀಟಗಳು ಆರಾಮಾಗಿ ತಿನ್ನುತ್ತವೆ. ಆ ವಿಷಗಳಿಗೂ ಬೆಳ್ಳಿಗೂ ಸಂಬಂಧವಿಲ್ಲ. ನಿಮ್ಮ ಅಜ್ಜಿಗೆ ಗೊತ್ತಿದ್ದದ್ದು ಒಂದು ಅಣಬೆ, ಒಂದು ಜಾಗ, ಒಂದು ಕಾಲ, ಅದರ ಬುಡ. ಅದು ದೊಡ್ಡ ವಿದ್ಯೆ. ಅದನ್ನು ಬಿಟ್ಟು ಎಲ್ಲ ಅಣಬೆಗೂ ಒಂದೇ ಪರೀಕ್ಷೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾಗರಬಾವಿ ನಡಿಗೆ | ಸೋಮವಾರ, ಬೆಳಗ್ಗೆ 8.30

ಸರ್, ಹೇಳಿದ ಹಾಗೆ ಬುಡದ ಸಮೇತ ಫೋಟೋ ಹಾಕಿದ್ದೇನೆ. ಮೊದಲನೆಯದರ ಅಡಿ ಬಿಳಿ ಮಿಶ್ರಿತ ಕೆನೆ ಬಣ್ಣ, ಕೈಯಾಡಿಸಿದರೆ ಕಾಗದದ ಹಾಗೆ ನುಣುಪು. ತೂತು ಕಾಣಲಿಲ್ಲ. ಎರಡನೆಯದರ ಅಡಿಯಲ್ಲಿ ಸಣ್ಣ ಸೀಳುಗಳಂಥ ತೂತು, ಒಂದು ಅಳತೆಯವಲ್ಲ. ಮೂರನೆಯದಕ್ಕೆ ಹಾಳೆಗಳಿವೆ.

ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ಯೋಚಿಸಿದೆ, ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪನಿಗೆ ಹೊಟ್ಟೆಯ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಟರ್ಕಿ ಟೇಲ್ ಕಷಾಯ ಮಾಡಿ ಕೊಟ್ಟರೆ ಶಕ್ತಿ ಬರುತ್ತದೆ ಎಂಬ ವಿಡಿಯೋ ಮನೆಯ ಗ್ರೂಪಿನಲ್ಲಿ ಓಡಾಡುತ್ತಿದೆ. ಅಂಗಡಿಯಲ್ಲಿ ಪುಡಿಗೆ ಸಾವಿರಗಟ್ಟಲೆ. ಅದೇ ಅಣಬೆ ನಾನು ದಿನಾ ಕೂರುವ ಕೊರಡಿನ ಮೇಲೆ ಬಂದಿದೆ ಎಂದು ಆ್ಯಪ್ ಹೇಳಿದಾಗ, ದೇವರೇ ಕೊಟ್ಟ ಹಾಗೆ ಅನ್ನಿಸಿತು. ಅದಕ್ಕೇ ಕೇಳಿದ್ದು.

ರಾತ್ರಿ ಪಾಳಿ | ಸೋಮವಾರ, ಬೆಳಗ್ಗೆ 9.05

ಅಕ್ಕ, ದಯವಿಟ್ಟು ಕಷಾಯ ಮಾಡಬೇಡಿ. ನಾನು ನರ್ಸ್, ಕ್ಯಾನ್ಸರ್ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದೇನೆ, ಮನೆಗೆ ಹೋಗಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಏನೂ ಕೊಡಬೇಡಿ.

ಹೊಂಗೆ ನೆರಳು | ಸೋಮವಾರ, ಬೆಳಗ್ಗೆ 9.50

ಅವರ ಮಾತು ಕೇಳಿ ಮೇಡಂ. ನಾನು ಅಣಬೆಯ ವಿಷಯಕ್ಕಷ್ಟೇ ಬರುತ್ತೇನೆ.

ಮೊದಲನೆಯದಕ್ಕೆ ತೂತಿಲ್ಲ, ನುಣುಪು ಅಂದಿರಿ. ಫೋಟೋದಲ್ಲೂ ಹಾಗೇ ಕಾಣುತ್ತಿದೆ. ಹಾಗಾದರೆ ಸ್ಟೀರಿಯಂ, ಬಹುಶಃ ಸ್ಟೀರಿಯಂ ಆಸ್ಟ್ರಿಯಾ. ಟರ್ಕಿ ಟೇಲ್ ಖಂಡಿತ ಅಲ್ಲ.

ಮೂರನೆಯದು ಆಯ್ಸ್ಟರ್ ಅಲ್ಲ, ಶೈಜೋಫಿಲಂ ಕಮ್ಯೂನ್. ಹಾಳೆಯ ಅಂಚನ್ನು ಹತ್ತಿರದಿಂದ ನೋಡಿ, ಒಂದೊಂದೂ ಉದ್ದಕ್ಕೆ ಸೀಳಿಕೊಂಡಿದೆ. ಬಿಸಿಲಿಗೆ ಒಣಗಿದಾಗ ಆ ಸೀಳು ಹಾಳೆಗಳು ಒಳಕ್ಕೆ ಸುರುಳಿಯಾಗಿ ಬೀಜಾಣು ಹುಟ್ಟುವ ಭಾಗವನ್ನು ಮುಚ್ಚಿಕೊಳ್ಳುತ್ತವೆ, ಮಳೆ ಬಿದ್ದರೆ ಕೆಲವು ಗಂಟೆಗಳಲ್ಲೇ ಬಿಚ್ಚಿಕೊಳ್ಳುತ್ತವೆ. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟರೆ ಎಲ್ಲ ಖಂಡಗಳಲ್ಲೂ ಇದೆ. ನಮಗೆ ಗಂಡು, ಹೆಣ್ಣು ಎಂದು ಎರಡಾದರೆ ಇದಕ್ಕೆ ಕೂಡುವಿಕೆಯ ಬಗೆಗಳು 20,000ಕ್ಕೂ ಹೆಚ್ಚು. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಮರ ಬಿದ್ದರೂ ಮೊದಲು ಬಂದು ಕೂರುವವರಲ್ಲಿ ಇದೂ ಒಂದು. ಇಷ್ಟು ಸಾಮಾನ್ಯವಾದದ್ದರೊಳಗೆ ಇಷ್ಟೆಲ್ಲ ಇದೆಯಲ್ಲ ಎಂದು ನಲವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ನಾಲ್ಕನೆಯದು ಡಾಲ್ಡೀನಿಯಾ. ಚಾಕುವಿನಿಂದ ಅರ್ಧ ಮಾಡಿ, ಒಳಗೆ ಬೂದು ಬೆಳ್ಳಿ ಬಣ್ಣದ ಸುತ್ತುಗಳು ಕಾಣಬೇಕು.

ಕಬ್ಬನ್ ಭಾನುವಾರ | ಸೋಮವಾರ, ಸಂಜೆ 6.20

ಹೊಂಗೆ ಸರ್, ಮೊದಲನೆಯದರ ಬುಡದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮರಕ್ಕೆ ಅಂಟಿದ ಕಡೆ ಚಿಕ್ಕದೊಂದು ತೊಟ್ಟಿದೆ, ಬಣ್ಣ ಹಳದಿ. ತೊಟ್ಟಿನ ತುದಿ ಬಟ್ಟಲಿನ ತಳದಂತೆ ಅಗಲವಾಗಿ ಮರಕ್ಕೆ ಒತ್ತಿಕೊಂಡಿದೆ. ಸ್ಟೀರಿಯಂಗೆ ಇಂಥ ತೊಟ್ಟು ನಾನು ನೋಡಿಲ್ಲ. ಕುದುರೆಮುಖದ ಕಡೆ ಫೋಟೋ ತೆಗೆಯುವಾಗ ಇಂಥದ್ದು ಸಿಕ್ಕಿತ್ತು, ಆಗಲೂ ಬರಿಗಣ್ಣಿಗೆ ಅಡಿ ನುಣುಪೇ. ಮ್ಯಾಕ್ರೋ ಲೆನ್ಸ್‌ನಲ್ಲಿ ತೂತು ಕಾಣಿಸಿತು.

ಮೇಡಂ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅದೊಂದು ಸಿಗುತ್ತದೆಯೇ ನೋಡಿ. ಕಣ್ಣಿಗೆ ಅಂಟಿಸಿ ಹಿಡಿದು, ಅಣಬೆಯನ್ನೇ ಹತ್ತಿರ ತನ್ನಿ. ಫೋನಿನ ಕ್ಯಾಮೆರಾದ ಮೇಲೆ ಅದನ್ನೇ ಇಟ್ಟು ಫೋಟೋನೂ ತೆಗೆಯಬಹುದು. ಅಡಿಗೆ ಮಕ್ಕಳ ಸ್ಕೇಲಿನ ಅಂಚು ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಎಷ್ಟು ತೂತು ಎಂದು ಎಣಿಸಲು ಬರುತ್ತದೆ.

ರಾತ್ರಿ ಪಾಳಿ | ಸೋಮವಾರ, ಸಂಜೆ 7.00

ಎದ್ದು ಬರೆಯುತ್ತಿದ್ದೇನೆ ಅಕ್ಕ.

ಟರ್ಕಿ ಟೇಲ್ ಮತ್ತು ಕ್ಯಾನ್ಸರ್ ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಆ ಅಣಬೆಯಿಂದ ತೆಗೆದ ಪಿಎಸ್‌ಕೆ ಎಂಬ ಔಷಧಿಗೆ ಜಪಾನಿನಲ್ಲಿ 1977ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಅದನ್ನು ಕಾಡಿನ ಕೊರಡಿನಿಂದ ಕಿತ್ತು ಕುದಿಸಿದ್ದಲ್ಲ. ಆರಿಸಿದ ಒಂದು ತಳಿಯ ಎಳೆಗಳನ್ನು ಶುದ್ಧವಾಗಿ ಬೆಳೆಸಿ, ಅದರಿಂದ ಒಂದು ಅಂಶವನ್ನು ಬೇರ್ಪಡಿಸಿ, ಅಳತೆ ಮಾಡಿ ಕೊಡುತ್ತಿದ್ದದ್ದು. ಅದೂ ಚಿಕಿತ್ಸೆಯ ಜೊತೆಗೆ, ವೈದ್ಯರ ಕೈಕೆಳಗೆ. ವಿಡಿಯೋ ಮಾಡುವವರು ಮೊದಲ ಅರ್ಧ ಹೇಳಿ ಎರಡನೆಯ ಅರ್ಧ ಬಿಡುತ್ತಾರೆ.

ಇನ್ನು ನಿಮ್ಮ ದೊಡ್ಡಪ್ಪನ ವಿಷಯ. ಕೀಮೋ ನಡೆಯುವಾಗ ರಕ್ತದ ಬಿಳಿಕಣ ಇಳಿದಿರುತ್ತದೆ. ಆರೋಗ್ಯವಂತರು ಅರಗಿಸಿಕೊಳ್ಳುವ ಬೂಷ್ಟು, ಬೀಜಾಣು ಅವರಿಗೆ ಸೋಂಕಾಗಬಹುದು. ಕಷಾಯ ಬೇಡ ಅನ್ನುವುದಷ್ಟೇ ಅಲ್ಲ, ಆ ಅಣಬೆಗಳನ್ನು ಅವರ ಕೋಣೆಯಲ್ಲಿ ಒಣಗಲೂ ಇಡಬೇಡಿ. ಅಣಬೆಗಳು ಸುತ್ತಲಿನ ಭಾರ ಲೋಹಗಳನ್ನು ಹೀರಿಕೊಳ್ಳುತ್ತವೆ ಎಂಬುದೂ ಇದೆ. ಲಿವರ್ ಮೇಲೆ ಆಗಲೇ ಔಷಧಿಯ ಭಾರ ಇರುತ್ತದೆ. ಅಂಗಡಿಯ ಪುಡಿ ಕೊಡಬೇಕೆಂದಿದ್ದರೂ ಡಬ್ಬಿಯನ್ನು ಅವರ ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ ಅಕ್ಕ, ಮುಚ್ಚಿಟ್ಟು ತೊಂದರೆಯಾದವರನ್ನು ನೋಡಿದ್ದೇನೆ.

ಉಳಿದವರಿಗೂ ಒಂದು ಮಾತು. ಕೊಳೆತ ಮರದ ಮೇಲೆ ಬರುವ ಗ್ಯಾಲೆರಿನಾ ಗುಂಪಿನ ಕೆಲವು ಪುಟ್ಟ ಕಂದು ಅಣಬೆಗಳಲ್ಲಿ ಅಮಾಟಾಕ್ಸಿನ್ ಎಂಬ ವಿಷ ಇರುತ್ತದೆ. ಕುದಿಸಿದರೂ ಹೋಗುವುದಿಲ್ಲ. ತಿಂದ ಆರು ಗಂಟೆಯಾದರೂ ಏನೂ ಗೊತ್ತಾಗುವುದಿಲ್ಲ, ಆಮೇಲೆ ವಾಂತಿ ಭೇದಿ, ಮಾರನೇ ದಿನ ಕಡಿಮೆಯಾದ ಹಾಗೆ ಕಾಣುತ್ತದೆ. ಲಿವರ್ ಕೆಡುವುದು ಆ ನೆಮ್ಮದಿಯ ದಿನದಲ್ಲೇ. ಯಾರಾದರೂ ಗುರುತಿಲ್ಲದ ಅಣಬೆ ತಿಂದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆ ಇದ್ದರೆ, ಬೇಯಿಸಿದ್ದಾದರೂ ಸರಿ, ಜೊತೆಗೆ ತನ್ನಿ.

ನಾಗರಬಾವಿ ನಡಿಗೆ | ಮಂಗಳವಾರ, ರಾತ್ರಿ 8.45

ತಂಗಿ, ನಿನ್ನ ಬರಹವನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ. ದೊಡ್ಡಮ್ಮ ಅತ್ತರು. ಗ್ರೂಪಿನಲ್ಲಿ ಆ ವಿಡಿಯೋ ಹಾಕಿದ ಅಣ್ಣನೂ ತೆಗೆದುಹಾಕಿದ. ನಾಡಿದ್ದು ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲ ಕೇಳುತ್ತೇವೆ.

ಚಿಕ್ಕಪೇಟೆಗೆ ಹೋಗಿದ್ದೆ, ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಮಸೂರ ಸಿಕ್ಕಿತು. ಕಬ್ಬನ್ ಭಾನುವಾರ ಅವರು ಹೇಳಿದ್ದು ನಿಜ. ತೂತಿವೆ! ಸೂಜಿಮೊನೆಗಿಂತ ಸಣ್ಣವು, ಒತ್ತೊತ್ತಾಗಿ. ಸ್ಕೇಲ್ ಇಟ್ಟು ಮೂರು ಸಲ ಎಣಿಸಿದೆ, ಎಂಟಕ್ಕೆ ಕಡಿಮೆಯಿಲ್ಲ.

ಹೊಂಗೆ ನೆರಳು | ಮಂಗಳವಾರ, ರಾತ್ರಿ 9.30

ನಾನು ಹೇಳಿದ್ದು ತಪ್ಪಾಯಿತು. ಇದು ಮೈಕ್ರೋಪೋರಸ್ ಕ್ಸಾಂಥೋಪಸ್. ಮಿಲಿಮೀಟರಿಗೆ 8ರಿಂದ 10 ತೂತು, ಹಳದಿ ತೊಟ್ಟು, ಬುಡದಲ್ಲಿ ಬಿಲ್ಲೆ. ಹೆಸರಿನ ಅರ್ಧವೇ ‘ಸಣ್ಣ ತೂತು’, ಇನ್ನರ್ಧ ‘ಹಳದಿ ಪಾದ’. ಉಷ್ಣವಲಯದ ಕಾಡುಗಳಲ್ಲಿ ಬಹಳ ಸಾಮಾನ್ಯ. ತೊಟ್ಟು ಕಂದು ಅಥವಾ ಕಪ್ಪಗಿದ್ದು ಬದಿಯಿಂದ ಅಂಟಿಕೊಂಡಿದ್ದರೆ ಮೈಕ್ರೋಪೋರಸ್ ಅಫಿನಿಸ್ ಎಂದು ಯೋಚಿಸಬೇಕಿತ್ತು.

ತಪ್ಪಿದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ಬರಿಗಣ್ಣಿಗೆ ಕಾಣದ್ದನ್ನು ‘ಇಲ್ಲ’ ಎಂದು ಬರೆದುಕೊಂಡೆ. ಬುಡದ ಫೋಟೋ ಕೇಳಿದವನೂ ನಾನೇ, ಅದು ಬಂದಾಗ ನೋಡದೆ ಬಿಟ್ಟವನೂ ನಾನೇ. ಫೋಟೋದಿಂದ ‘ಖಂಡಿತ’ ಎಂಬ ಮಾತನ್ನು ಆಡಬಾರದಿತ್ತು. ಕಬ್ಬನ್ ಭಾನುವಾರ ಅವರಿಗೆ ಧನ್ಯವಾದ.

ಕೃಷಿ ಓದಿದವ | ಬುಧವಾರ, ಬೆಳಗ್ಗೆ 7.15

ಎರಡನೆಯದರ ಬಗ್ಗೆ ಯಾರೂ ಹೇಳಿಲ್ಲ. ಅದು ರೇಶಿ, ಅಂದರೆ ಗ್ಯಾನೊಡರ್ಮಾ ಹೌದೋ ಅಲ್ಲವೋ ತಿಳಿಯಲು ಬ್ಲೇಡಿನಿಂದ ಅಡ್ಡ ಕತ್ತರಿಸಿ. ಗ್ಯಾನೊಡರ್ಮಾ ಆದರೆ ಒಳಗಿನ ತಿರುಳು ಸಾಮಾನ್ಯವಾಗಿ ಕಂದು, ಬಲಿತಾಗ ಕೋಕೋ ಪುಡಿಯಂಥ ಬೀಜಾಣು ಸುತ್ತಲಿನ ಎಲೆಗಳ ಮೇಲೆಲ್ಲ ಉದುರಿರುತ್ತದೆ. ಅಡಿಯ ತೂತು ದುಂಡಗೆ, ಒಂದೇ ಅಳತೆ. ನೀವು ಹೇಳುವ ಸೀಳಿನಂಥ ತೂತು, ಬುಡದಿಂದ ಹರಡಿದ ದ್ರಾಕ್ಷಿ ಕೆಂಪು, ಬಿಳಿ ಅಂಚು ಇವನ್ನು ನೋಡಿದರೆ ನನಗೆ ಅರ್ಲಿಯೆಲ್ಲಾ ಸ್ಕಾಬ್ರೋಸಾ ಅನ್ನಿಸುತ್ತದೆ. ಅದರ ತಿರುಳು ಬಿಳಿ.

ಗ್ಯಾನೊಡರ್ಮಾದ ಗುರುತು ಗೊತ್ತಿರುವುದು ಬೇರೆ ಕಾರಣಕ್ಕೂ ಒಳ್ಳೆಯದು. ತೆಂಗು, ಅಡಿಕೆ ಬೆಳೆಯುವವರು ಅಣಬೆ ರೋಗ ಅಂತ ಹೆದರುವುದು ಇದಕ್ಕೇ. ಬುಡದಲ್ಲಿ ಅಣಬೆ ಹೊರಗೆ ಕಾಣುವಷ್ಟರಲ್ಲಿ ಒಳಗೆ ಬೇರು ಹೋಗಿರುತ್ತದೆ. ಬೆಂಗಳೂರಿನ ರಸ್ತೆಬದಿಯ ಗುಲ್‌ಮೊಹರ್, ಕಾಪರ್ ಪಾಡ್ ಮರಗಳ ಬುಡದಲ್ಲೂ ನೋಡಿದ್ದೇನೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಒಂದು ಗಾಳಿಗೆ ಬುಡಮೇಲು. ಬಿದ್ದ ಕೊರಡಿನ ಮೇಲೆ ಬಂದದ್ದು ತನ್ನ ಕೆಲಸ ಮಾಡಿಕೊಂಡಿರಲಿ. ನಿಂತ ಮರದ ಬುಡದಲ್ಲಿ ಬಂದರೆ ಅದರ ಕೆಳಗೆ ಬೈಕ್, ಕಾರು ನಿಲ್ಲಿಸಬೇಡಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೋ ಸಮೇತ ತಿಳಿಸಿ. ಅಣಬೆಯನ್ನು ಕಿತ್ತು ಹಾಕಿದರೆ ಮರ ಉಳಿಯುವುದಿಲ್ಲ, ಗುರುತು ಮಾತ್ರ ಹೋಗುತ್ತದೆ.

ತೀರ್ಥಹಳ್ಳಿ ಮಳೆ | ಬುಧವಾರ, ಬೆಳಗ್ಗೆ 8.00

ಮಣಿಪುರದ ಗೆಳೆಯನೊಬ್ಬ ಆ ಮೂರನೇ ಬಿಳಿ ಅಣಬೆ ಫೋಟೋ ನೋಡಿ ‘ನಮ್ಮಲ್ಲಿ ಇದನ್ನ ಕಾಂಗ್ಲಾಯೆನ್ ಅಂತಾರೆ, ಮಾರ್ಕೆಟ್ಟಲ್ಲಿ ಸಿಗುತ್ತೆ, ತಿಂತೀವಿ’ ಅಂದ. ಹಾಗಾದ್ರೆ ತಿನ್ನಬಹುದಾ?

ಹೊಂಗೆ ನೆರಳು | ಬುಧವಾರ, ಬೆಳಗ್ಗೆ 8.40

ಅವರು ತಿನ್ನುವುದು ನಿಜ. ತಲೆಮಾರುಗಳಿಂದ ಗುರುತು ಹಿಡಿದು ತಿನ್ನುತ್ತಿದ್ದಾರೆ, ನಿಮ್ಮ ಅಜ್ಜಿ ಹುತ್ತದ ಅಣಬೆ ತಂದ ಹಾಗೆ. ಇದೇ ಶೈಜೋಫಿಲಂನ ಬೀಜಾಣುವಿನಿಂದ ಶ್ವಾಸಕೋಶದ ಅಲರ್ಜಿ ಕಾಯಿಲೆಯಾದವರೂ ಇದ್ದಾರೆ. ಬೆಂಗಳೂರಿನ ಕೊರಡಿನಿಂದ ಕಿತ್ತು ತಿನ್ನಿ ಎಂದು ನಾನು ಯಾರಿಗೂ ಹೇಳಲಾರೆ.

ಆಯ್ಸ್ಟರ್ ಆಸೆಯಿದ್ದರೆ ಮನೆಯಲ್ಲೇ ಬೆಳೆಯಿರಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಅಣಬೆ ಬೇಸಾಯದ ಕೆಲಸ ನಡೆಯುತ್ತದೆ. ಅಣಬೆ ಬೀಜ ತಂದು ಹದ ಮಾಡಿದ ಭತ್ತದ ಹುಲ್ಲಿನ ಚೀಲಕ್ಕೆ ತುಂಬಿದರೆ ತಿಂಗಳೊಳಗೆ ಬೆಳೆ.

ಕಾಡಿನ ಆಯ್ಸ್ಟರ್‌ಗೂ ಅದರಂತೆಯೇ ಕಾಣುವ ಕ್ರೆಪಿಡೋಟಸ್‌ಗೂ ವ್ಯತ್ಯಾಸ ಕಲಿಯಬೇಕೆಂದರೆ ಬೀಜಾಣು ಅಚ್ಚು ತೆಗೆಯಿರಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಟೋಪಿಯನ್ನು ಹಾಳೆ ಕೆಳಗಾಗಿ ಇಟ್ಟು ಲೋಟ ಮುಚ್ಚಿ, ರಾತ್ರಿ ಕಳೆದು ಎತ್ತಿ. ಆಯ್ಸ್ಟರ್ ಆದರೆ ಬಿಳಿ ಅಥವಾ ನಸು ನೇರಳೆ ಪುಡಿ, ಕ್ರೆಪಿಡೋಟಸ್ ಆದರೆ ಕಂದು. ಪಾರ್ಕಿನ ಹುಲ್ಲಿನಲ್ಲಿ ಬರುವ ದೊಡ್ಡ ಬಿಳಿ ಕೊಡೆಗೆ ಹಸಿರು ಪುಡಿ ಬಿದ್ದರೆ ಅದು ಕ್ಲೋರೋಫಿಲಂ ಮೊಲಿಬ್ಡೈಟಿಸ್, ತಿಂದವರಿಗೆ ವಿಪರೀತ ವಾಂತಿ. ಇದು ಹೆಸರು ಹಚ್ಚುವ ವಿಧಾನ ಅಷ್ಟೆ, ಅಚ್ಚು ಬಿಳಿ ಬಂತು ಎಂದು ಬಾಣಲೆಗೆ ಹಾಕಬೇಡಿ. ಬಿಳಿ ಅಚ್ಚಿನ ಕೊಲ್ಲುವ ಅಣಬೆಗಳೂ ಇವೆ.

ಇನ್ನೊಂದು, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದೊಳಗೆ ಒಂದು ತುಂಡನ್ನೂ ಕೀಳಬೇಡಿ, ಕಾನೂನಿಗೆ ವಿರುದ್ಧ. ಅಲ್ಲಿ ಫೋಟೋ ಮಾತ್ರ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲೂ ಅಷ್ಟೇ ಮಾಡಿ.

ನಾಗರಬಾವಿ ನಡಿಗೆ | ಭಾನುವಾರ, ಮಧ್ಯಾಹ್ನ 12.30

ಎರಡನೆಯದನ್ನು ಕತ್ತರಿಸಿದೆ, ತಿರುಳು ಬಿಳಿ. ಕರಿ ಉಂಡೆಯೊಳಗೆ ಸುತ್ತುಗಳಿವೆ, ಮರದ ಉಂಗುರಗಳ ಹಾಗೆ.

ಡಾಕ್ಟರನ್ನು ಕೇಳಿದೆವು. ಯಾವ ಪುಡಿಯೂ ಬೇಡ, ಊಟ ಸರಿಯಾಗಿ ಮಾಡಲಿ ಅಂದರು.

ದೊಡ್ಡಪ್ಪ ಮರಗೆಲಸ ಮಾಡಿದವರು. ಇಷ್ಟು ದಿನ ನಾವು ಏನು ಮಾತಾಡಿಕೊಳ್ಳುತ್ತಿದ್ದೇವೆ ಎಂದು ಅವರಿಗೆ ಹೇಳಿರಲಿಲ್ಲ. ನಿನ್ನೆ ಅವರೇ ಕೇಳಿದರು, ಫೋಟೋ ತೋರಿಸಿದೆ. ಅಣಬೆಗಿಂತ ಮೊದಲು ಅವರು ಮರ ನೋಡಿದರು. ‘ಇದು ಚೌಕ ಚೌಕವಾಗಿ ಒಡೆದಿಲ್ಲ, ಬಿಳಿಚಿಕೊಂಡು ನಾರುನಾರಾಗಿದೆ, ಹೊರಗಿನ ಬಿಳಿಮರ ಲಡ್ಡಾಗಿದೆ, ಒಳಗಿನ ಕೆಚ್ಚು ಇನ್ನೂ ಗಟ್ಟಿ ಇರಬೇಕು’ ಅಂದರು. ಹೊಂಗೆ ಸರ್, ಅದಕ್ಕೂ ಅಣಬೆಗೂ ಸಂಬಂಧ ಇದೆಯೇ?

ಹೊಂಗೆ ನೆರಳು | ಭಾನುವಾರ, ಮಧ್ಯಾಹ್ನ 12.55

ಇದೆ ಮೇಡಂ, ನಾನು ಕೇಳಲು ಮರೆತದ್ದನ್ನು ಅವರು ಹೇಳಿದ್ದಾರೆ. ನಾರುನಾರಾಗಿ ಬಿಳಿಚಿದರೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನೂ ಕರಗಿಸುವ ಬಿಳಿ ಕೊಳೆ. ಮೈಕ್ರೋಪೋರಸ್, ಅರ್ಲಿಯೆಲ್ಲಾ ಎರಡೂ ಆ ಗುಂಪಿನವು, ಶೈಜೋಫಿಲಂ ಅನ್ನೂ ಸಾಮಾನ್ಯವಾಗಿ ಅಲ್ಲಿಗೇ ಸೇರಿಸುತ್ತಾರೆ. ಲಿಗ್ನಿನ್ ಉಳಿಸಿ ನಾರಿನಂಶವಾದ ಸೆಲ್ಯುಲೋಸ್ ಮಾತ್ರ ತಿಂದರೆ ಕಂದು ಕೊಳೆ, ಆಗ ಮರ ಚೌಕ ಚೌಕವಾಗಿ ಒಡೆಯುತ್ತದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಾಗರಬಾವಿ ನಡಿಗೆ | ಸೋಮವಾರ, ಬೆಳಗ್ಗೆ 8.10

ತಿಳಿಸಿದೆ ಸರ್. ಇವತ್ತು ಅದೇ ಕೊರಡಿನ ಬಿಸಿಲು ಬೀಳುವ ತುದಿಯಲ್ಲಿ ಐದನೆಯದೊಂದು ಸಿಕ್ಕಿದೆ. ಬೆನ್ನು ಕಿತ್ತಳೆ ಕೆಂಪು, ಪಟ್ಟೆ ಇಲ್ಲ. ಅಡಿಯೂ ಅದೇ ಬಣ್ಣ, ಇನ್ನೂ ಗಾಢ. ಮಸೂರದಲ್ಲಿ ದುಂಡು ತೂತು, ಎಣಿಸಿದಾಗ ಮಿಲಿಮೀಟರಿಗೆ ಐದಾರು. ತೊಟ್ಟಿಲ್ಲ, ಬದಿಯಿಂದ ನೇರ ಅಂಟಿಕೊಂಡಿದೆ. ದಪ್ಪ ನಾಣ್ಯಕ್ಕಿಂತ ಸ್ವಲ್ಪ ಹೆಚ್ಚು, ತಿರುಳೂ ಕಿತ್ತಳೆ. ಮರ ಬಿಳಿಚಿದೆ. ಏಳು ಫೋಟೋ ಹಾಕಿದ್ದೇನೆ. ಕಿತ್ತದ್ದು ಒಂದೇ ತುಂಡು, ಪೇಪರ್ ಕವರಿನಲ್ಲಿ ಬಾಲ್ಕನಿಯಲ್ಲಿದೆ, ಮನೆಯೊಳಗೆ ತಂದಿಲ್ಲ.

ಕಬ್ಬನ್ ಭಾನುವಾರ | ಸೋಮವಾರ, ಬೆಳಗ್ಗೆ 8.35

ಪಿಕ್ನೋಪೋರಸ್ ಇರಬೇಕು ಮೇಡಂ, ಬಹುಶಃ ಸ್ಯಾಂಗ್ವಿನಿಯಸ್. ಹೊಂಗೆ ಸರ್, ನೀವೊಮ್ಮೆ ಬುಡದ ಫೋಟೋ ನೋಡಿ.